ಎಂಟು ನಿಮಿಷದಲ್ಲಿ ಒಂದು ಧ್ವನಿಸುರುಳಿ



ಹಳೆಯ ಹಾಡುಗಳ ಬಗ್ಗೆ ಪಾಡ್‌ಕಾಸ್ಟ್ ಮಾಡಬೇಕೆಂಬ ಉತ್ಸಾಹ ನಿಮ್ಮಲ್ಲಿ ಹಲವರಿಗಿದೆ. ಕೈಯಲ್ಲಿ ಮೊಬೈಲ್ ಇದೆ, ಒಳ್ಳೆಯ ದನಿ ಇದೆ, ಇಷ್ಟದ ಹಾಡೂ ಇದೆ. ಇನ್ನೇನು ಬೇಕು ಎಂದು ಕುಳಿತು ಮಾತಾಡಿದರೆ ಸಾಮಾನ್ಯವಾಗಿ ಹೊರಬರುವುದು ಇಷ್ಟೇ: "ಇದು ಅದ್ಭುತವಾದ ಹಾಡು. ಸಾಹಿತ್ಯ ಅರ್ಥಪೂರ್ಣ. ಗಾಯನ ಅಮೋಘ. ಇಂದಿಗೂ ಜನಮನದಲ್ಲಿ ಅಮರವಾಗಿದೆ." ಈ ನಾಲ್ಕು ಮಾತುಗಳನ್ನು ಯಾವ ಹಾಡಿಗೆ ಬೇಕಾದರೂ ಅಂಟಿಸಬಹುದು. ಕೇಳಿದವರಿಗೆ ಹೊಸದೇನೂ ಸಿಕ್ಕಿರುವುದಿಲ್ಲ.

ಪಾಡ್‌ಕಾಸ್ಟ್ ಮಾಡುವವರ ಕೆಲಸ ಎರಡು. ಒಂದು, ಕೇಳುಗರು ನೂರು ಸಲ ಕೇಳಿದ ಹಾಡಿನಲ್ಲೇ ಇದುವರೆಗೆ ಗಮನಿಸದ ಒಂದು ಸಂಗತಿಯನ್ನು ಅವರ ಕಿವಿಗೆ ಬೀಳಿಸುವುದು. ಎರಡು, ಆ ಹಾಡು ಯಾರದು ಎಂಬುದನ್ನು ಸರಿಯಾಗಿ ಹೇಳುವುದು. ಇವೆರಡನ್ನು ಎಂಟು ನಿಮಿಷದಲ್ಲಿ ಮಾಡುವುದು ಹೇಗೆ ಎಂಬುದೇ ಈ ಪಾಠ. ಉದಾಹರಣೆಗೆ ನಮಗೆಲ್ಲ ಗೊತ್ತಿರುವ ಒಂದು ಧ್ವನಿಸುರುಳಿಯನ್ನು ತೆಗೆದುಕೊಳ್ಳೋಣ: 1978ರ 'ನಿತ್ಯೋತ್ಸವ'.

ಮೊದಲು ಮೂರು ಪದಗಳು

ಪಾಡ್‌ಕಾಸ್ಟ್: ಐಪಾಡ್ ಮತ್ತು ಬ್ರಾಡ್‌ಕಾಸ್ಟ್ ಎಂಬ ಎರಡು ಪದಗಳ ಜೋಡಣೆ. 2004ರಲ್ಲಿ ಬೆನ್ ಹ್ಯಾಮರ್ಸ್ಲಿ ಎಂಬ ಪತ್ರಕರ್ತರು ಬ್ರಿಟನ್ನಿನ 'ಗಾರ್ಡಿಯನ್' ಪತ್ರಿಕೆಯ ಲೇಖನವೊಂದರಲ್ಲಿ ಈ ಪದವನ್ನು ಬಳಸಿದರು. ರೇಡಿಯೋ ಕಾರ್ಯಕ್ರಮಕ್ಕೂ ಇದಕ್ಕೂ ಮುಖ್ಯ ವ್ಯತ್ಯಾಸವೆಂದರೆ, ಇಲ್ಲಿ ಕೇಳುಗರು ತಮಗೆ ಬೇಕಾದಾಗ ಕೇಳುತ್ತಾರೆ, ಬೇಡವಾದಾಗ ನಿಲ್ಲಿಸುತ್ತಾರೆ. ಬಸ್ಸಿನಲ್ಲಿ ಕುಳಿತು ಕೇಳುತ್ತಿರುವವರು ಇಳಿಯುವ ನಿಲ್ದಾಣ ಬರುವುದರೊಳಗೆ ನಿಮ್ಮ ಮಾತು ಮುಗಿಯಬೇಕು.

ಆಲ್ಬಂ: ಒಟ್ಟಿಗೆ ಕೇಳಲೆಂದು ಒಂದು ಕ್ರಮದಲ್ಲಿ ಜೋಡಿಸಿ ಹೊರತಂದ ಹಾಡುಗಳ ಗುಚ್ಛ. ಹಳೆಯ ಗ್ರಾಮೋಫೋನ್ ತಟ್ಟೆಗಳನ್ನು ಭಾವಚಿತ್ರದ ಆಲ್ಬಂನಂತಹ ರಟ್ಟಿನ ಪುಸ್ತಕದಲ್ಲಿ, ಒಂದೊಂದು ಹಾಳೆಗೆ ಒಂದೊಂದರಂತೆ ಇಟ್ಟು ಮಾರುತ್ತಿದ್ದರು. ಹೆಸರು ಬಂದದ್ದು ಅಲ್ಲಿಂದ. ಕ್ಯಾಸೆಟ್ ಕಾಲದಲ್ಲಿ ಕನ್ನಡ ಪತ್ರಿಕೆಗಳು ಇದನ್ನು ಧ್ವನಿಸುರುಳಿ ಎಂದು ಕರೆದವು.

ಪ್ರಕಾರ: ಹಾಡಿನ ಜಾತಿ. ಜಾನಪದ, ಗಜಲ್, ಕವ್ವಾಲಿ, ಚಿತ್ರಗೀತೆ, ಭಾವಗೀತೆ ಎಲ್ಲವೂ ಪ್ರಕಾರಗಳೇ. ಪ್ರಕಾರವನ್ನು ಗುರುತಿಸಲು 'ಇದು ಹೇಗೆ ಹುಟ್ಟಿತು?' ಎಂದು ಕೇಳಿಕೊಳ್ಳಿ. ಚಿತ್ರಗೀತೆಯಲ್ಲಿ ಬಹಳ ಸಲ ಸಂಗೀತ ನಿರ್ದೇಶಕರ ಮಟ್ಟು ಮೊದಲು ಸಿದ್ಧವಾಗುತ್ತದೆ, ಮಾತು ಅದಕ್ಕೆ ಹೊಂದಿಕೊಂಡು ಬರುತ್ತದೆ. ಭಾವಗೀತೆಯಲ್ಲಿ ಕವಿತೆ ಮೊದಲೇ ಪುಸ್ತಕದಲ್ಲೋ ಪತ್ರಿಕೆಯಲ್ಲೋ ಅಚ್ಚಾಗಿರುತ್ತದೆ. ಆಮೇಲೆ ಒಬ್ಬರು ಅದಕ್ಕೆ ರಾಗ ಹಾಕುತ್ತಾರೆ. ಆಕಾಶವಾಣಿಯವರು ಸುಗಮ ಸಂಗೀತ ಎಂದು ಕರೆಯುವುದರ ಮುಖ್ಯ ಭಾಗವೇ ಇದು. ಪಿ. ಕಾಳಿಂಗರಾವ್, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಈ ದಾರಿಯ ದೊಡ್ಡ ಹೆಸರುಗಳು.

ಅವಧಿ ಹಾಡನ್ನು ರೂಪಿಸುತ್ತದೆ

"ಎಂಟೇ ನಿಮಿಷವೇ? ಏನು ಹೇಳಲು ಸಾಧ್ಯ?" ಎಂದು ಕೇಳುವವರಿಗೆ ಸಂಗೀತದ ಚರಿತ್ರೆಯಲ್ಲೇ ಉತ್ತರವಿದೆ.

1902ರ ನವೆಂಬರ್ ತಿಂಗಳಿನಲ್ಲಿ ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಕ್ಕೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡರು. ಕಛೇರಿಯಲ್ಲಿ ಗಂಟೆಗಟ್ಟಲೆ ರಾಗವನ್ನು ಬೆಳೆಸಬಲ್ಲ ಗಾಯಕಿಗೆ ಆ ತಟ್ಟೆಯಲ್ಲಿ ಸಿಗುತ್ತಿದ್ದದ್ದು ಸುಮಾರು ಮೂರು ನಿಮಿಷ. ಎಷ್ಟೋ ಕಲಾವಿದರು ಇದಕ್ಕೆ ಒಪ್ಪಲಿಲ್ಲ. ಗೌಹರ್ ಜಾನ್ ಆ ಮೂರು ನಿಮಿಷಕ್ಕೇ ಹಾಡನ್ನು ಹೊಂದಿಸಿಕೊಂಡರು. ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಬೇಕು ಎಂದು ಮೊದಲೇ ತೀರ್ಮಾನಿಸಿ ಹಾಡಿದರು. ಹಾಡಿನ ಕೊನೆಗೆ ತಮ್ಮ ಹೆಸರನ್ನೂ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಮುದ್ರಣದ ಮೂಲಪ್ರತಿಗಳು ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಅಲ್ಲಿ ತಟ್ಟೆಗಳು ತಯಾರಾಗುತ್ತಿದ್ದವು. ನಮ್ಮ ಭಾಷೆ ಗೊತ್ತಿಲ್ಲದ ಅಲ್ಲಿನ ಕೆಲಸಗಾರರಿಗೆ ಇದು ಯಾರ ತಟ್ಟೆ ಎಂದು ತಿಳಿಯಲು ಆ ಮಾತು ನೆರವಾಗುತ್ತಿತ್ತು. ಈಕೆಯ ಕೊನೆಯ ದಿನಗಳು ನಮ್ಮ ನಾಡಿನಲ್ಲೇ ಕಳೆದವು. ಮೈಸೂರು ಅರಮನೆಯ ಆಶ್ರಯ ಪಡೆದು ಬಂದಿದ್ದ ಗೌಹರ್ ಜಾನ್ 1930ರ ಜನವರಿಯಲ್ಲಿ ಮೈಸೂರಿನಲ್ಲಿ ತೀರಿಕೊಂಡರು.

1948ರಲ್ಲಿ ಎಲ್‌ಪಿ ತಟ್ಟೆ ಬಂತು. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಜಾಗ ಸಿಕ್ಕಿದ್ದರಿಂದ ಹಾಡುಗಳನ್ನು ಒಂದು ಕಥೆಯಂತೆ ಜೋಡಿಸುವ ಆಲೋಚನೆ ಬೆಳೆಯಿತು. 1967ರ 'ಕಾಲ್ ಆಫ್ ದ ವ್ಯಾಲಿ' ಇದಕ್ಕೆ ನಮ್ಮ ದೇಶದ ಒಳ್ಳೆಯ ಉದಾಹರಣೆ. ಶಿವಕುಮಾರ್ ಶರ್ಮಾ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಕೊಳಲು, ಬ್ರಿಜ್ ಭೂಷಣ್ ಕಾಬ್ರಾ ಗಿಟಾರ್ ನುಡಿಸಿ, ಕಾಶ್ಮೀರದ ಕುರುಬನೊಬ್ಬನ ಒಂದು ದಿನವನ್ನು ಬೆಳಗಿನ ರಾಗದಿಂದ ರಾತ್ರಿಯ ರಾಗದವರೆಗೆ ಹೇಳಿದರು. ಅದರ ಕ್ರಮ ಬದಲಿಸಿ ಕೇಳಿದರೆ ಮಧ್ಯಾಹ್ನವಾದ ಮೇಲೆ ಬೆಳಗಾದಂತೆ ಆಗುತ್ತದೆ.

1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಪರಿಚಯಿಸಿತು. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ 'ಎ' ಬದಿಗೆ ಮೂವತ್ತು, 'ಬಿ' ಬದಿಗೆ ಮೂವತ್ತು ನಿಮಿಷ. ತಟ್ಟೆಗಿಂತ ಅಗ್ಗ, ಜೇಬಿನಲ್ಲಿ ಹಿಡಿಯುತ್ತದೆ, ಮನೆಯಲ್ಲೇ ನಕಲು ಮಾಡಿಕೊಳ್ಳಬಹುದು. ಹೀಗಾಗಿ 1980ರ ದಶಕದಲ್ಲಿ ಪ್ರಾದೇಶಿಕ ಭಾಷೆಗಳ ಹಾಡುಗಳು ಹಿಂದೆಂದೂ ಇಲ್ಲದಷ್ಟು ಊರೂರು ಸುತ್ತಿದವು.

ಮೂರು ನಿಮಿಷ, ಇಪ್ಪತ್ತು ನಿಮಿಷ, ಮೂವತ್ತು ನಿಮಿಷ: ಸಿಕ್ಕ ಅಳತೆಗೆ ತಕ್ಕಂತೆ ಕಲಾವಿದರು ಆಯ್ಕೆ ಮಾಡಿದರು. ನಿಮ್ಮ ಎಂಟು ನಿಮಿಷಕ್ಕೂ ಇದೇ ನಿಯಮ. ಒಂದು ಸಂಚಿಕೆಗೆ ಒಂದೇ ಪ್ರಶ್ನೆ.

ಮಾದರಿ: 'ನಿತ್ಯೋತ್ಸವ'

ಕವಿ ಕೆ.ಎಸ್. ನಿಸಾರ್ ಅಹಮದ್ ಹುಟ್ಟಿದ್ದು 1936ರ ಫೆಬ್ರವರಿ 5ರಂದು ದೇವನಹಳ್ಳಿಯಲ್ಲಿ. ಓದಿದ್ದು ಭೂವಿಜ್ಞಾನ. ಸರ್ಕಾರಿ ಕಾಲೇಜುಗಳಲ್ಲಿ ಪಾಠ ಮಾಡಿದ್ದೂ ಅದನ್ನೇ. ಮೊದಲ ಕವನ ಸಂಕಲನ 'ಮನಸು ಗಾಂಧಿಬಜಾರು' 1960ರಲ್ಲಿ ಬಂತು. 'ನಿತ್ಯೋತ್ಸವ' ಸಂಕಲನ 1976ರಲ್ಲಿ. ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ 'ನಿತ್ಯೋತ್ಸವ' ಧ್ವನಿಸುರುಳಿ 1978ರಲ್ಲಿ ಹೊರಬಂತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಅದಕ್ಕೆ ಹೆಸರು. ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅಂದರೆ ಹೆಸರಿಗೆ ಇನ್ನೂ ಐದು ವರ್ಷ ತುಂಬುತ್ತಿದ್ದ ಕಾಲದಲ್ಲಿ ಈ ಹಾಡು ಮನೆಮನೆಗೆ ಬಂತು. ಕವಿ 2006ರಲ್ಲಿ ಶಿವಮೊಗ್ಗದ 73ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 2008ರಲ್ಲಿ ಪದ್ಮಶ್ರೀ ಬಂತು. 2020ರ ಮೇ 3ರಂದು ತೀರಿಕೊಂಡರು.

ಇಷ್ಟನ್ನೇ ಓದಿ ಹೇಳಿದರೆ ಅದು ಪರಿಚಯಪತ್ರವಾಗುತ್ತದೆ. ಪಾಡ್‌ಕಾಸ್ಟ್ ಶುರುವಾಗುವುದು ಕಿವಿಯಿಂದ. ಹಾಡನ್ನು ಮೂರು ಸಲ ಕೇಳಿ.

ಮೊದಲ ಸಲ ಪದಗಳನ್ನು ಮಾತ್ರ ಗಮನಿಸಿ. ಆರಂಭದಲ್ಲೇ ಜೋಗ, ತುಂಗೆ, ಸಹ್ಯಾದ್ರಿ ಬರುತ್ತವೆ. ನಾಡನ್ನು ಹೊಗಳುವ ಹಾಡಿನಲ್ಲಿ ಇವು ನಿರೀಕ್ಷಿತ. ಆದರೆ ಸಹ್ಯಾದ್ರಿಯ ಜೊತೆಗೆ 'ಅದಿರು' ಎಂಬ ಪದ ಕೇಳುತ್ತದೆ. ಬೆಟ್ಟವನ್ನು ಕಂಡರೆ ಹಸಿರು, ಮಂಜು, ಮೋಡ ಎನ್ನುವ ಕವಿಗಳು ಬಹಳ. ಬೆಟ್ಟದೊಳಗಿನ ಲೋಹದ ಅದಿರನ್ನು ಕಂಡವರು ಭೂವಿಜ್ಞಾನದ ಮೇಷ್ಟ್ರು. ಅದರ ಮುಂದೆಯೇ 'ನಿತ್ಯಹರಿದ್ವರ್ಣ' ಎಂಬ ಮಾತು ಇದೆ. ಅದು ನಿಮ್ಮ ಭೂಗೋಳ ಪುಸ್ತಕದ ಕಾಡುಗಳ ಪಾಠದಲ್ಲಿ ಬರುವ ಪಾರಿಭಾಷಿಕ ಪದ. ವಿಜ್ಞಾನ ವಿಭಾಗದ ಎರಡು ಪದಗಳು ನಾಡಿನ ಹಾಡಿನೊಳಗೆ ಬಂದು, ಯಾರಿಗೂ ತೊಡಕಾಗದಂತೆ ಕುಳಿತಿವೆ.

ಎರಡನೆಯ ಸಲ ಸಾಲುಗಳ ಕೊನೆಯನ್ನು ಗಮನಿಸಿ. ಮೊದಲ ಭಾಗದುದ್ದಕ್ಕೂ ಸಾಲುಗಳು 'ಅಲ್ಲಿ' ಎಂದು ಮುಗಿಯುತ್ತವೆ. ವ್ಯಾಕರಣದಲ್ಲಿ ನೀವು ಓದಿದ ಸಪ್ತಮಿ ವಿಭಕ್ತಿ. ಅಲ್ಲಿ, ಅಲ್ಲಿ, ಅಲ್ಲಿ ಎಂದರೆ ವಾಕ್ಯ ಇನ್ನೂ ಮುಗಿದಿಲ್ಲ, 'ಅಲ್ಲಿ ಏನು?' ಎಂಬ ಪ್ರಶ್ನೆ ಉಳಿದಿದೆ ಎಂದರ್ಥ. ಉತ್ತರ ಸಿಗುವುದು ಶೀರ್ಷಿಕೆಯ ಪದ ಬಂದಾಗ. ರಾಗ ಹಾಕಿದವರಿಗೆ ಇದು ಕವಿತೆಯೇ ಕೊಟ್ಟ ಸೂಚನೆ. ಕಾಯಿಸಿ, ಕಾಯಿಸಿ, ಆಮೇಲೆ ತಲುಪಿಸಬೇಕು. ಗುಂಪಿನಲ್ಲಿ ಹಾಡುವಾಗ ಉಳಿದ ಸಾಲು ಮರೆತವರೂ ಆ ಪದಕ್ಕೆ ಎಲ್ಲರೊಡನೆ ದನಿಗೂಡಿಸುವುದನ್ನು ನೀವು ನೋಡಿರುತ್ತೀರಿ.

ಮೂರನೆಯ ಸಲ ಒಂದು ಭಾಗದಿಂದ ಇನ್ನೊಂದಕ್ಕೆ ಏನು ಬದಲಾಗುತ್ತದೆ ನೋಡಿ. ಮೊದಲನೆಯದು ಪ್ರಕೃತಿ. ಎರಡನೆಯದು ಚರಿತ್ರೆ: ಶಾಸನ, ಓಲೆಗರಿ, ದೇಗುಲದ ಗೋಡೆ. ಇಲ್ಲಿಯೂ 'ಅಲ್ಲಿ' ಮುಂದುವರಿಯುತ್ತದೆ. ಮೂರನೆಯದರಲ್ಲಿ ಅದು ನಿಂತುಹೋಗುತ್ತದೆ. ಕವಿ ನಾಡನ್ನೇ ಎದುರಿಗೆ ನಿಲ್ಲಿಸಿಕೊಂಡು ಕರೆಯತೊಡಗುತ್ತಾರೆ, ಸಪ್ತಮಿ ಹೋಗಿ ಸಂಬೋಧನೆ ಬರುತ್ತದೆ. ಯಾವ ಗುಣಕ್ಕಾಗಿ ಕರೆಯುತ್ತಾರೆ? ಕುಲಭೇದವೆಣಿಸದ, ಮತ್ಸರವಿಲ್ಲದ ಮನಸ್ಸಿಗಾಗಿ. ಹೊಳೆ, ಬೆಟ್ಟ, ಶಾಸನಗಳೆಲ್ಲ ಈ ಮಾತಿಗೆ ಬಂದು ಸೇರುವ ಮೆಟ್ಟಿಲುಗಳು. ಸಭೆಗಳಲ್ಲಿ ಸಮಯವಿಲ್ಲವೆಂದು ಮೊದಲ ಭಾಗವನ್ನಷ್ಟೇ ಹಾಡಿ ಮುಗಿಸಿದರೆ ಮೆಟ್ಟಿಲು ಹತ್ತಿ ಬಾಗಿಲಲ್ಲೇ ಹಿಂತಿರುಗಿದಂತೆ.

ನೋಡಿ, ಇಲ್ಲಿ ಮೂರು ಸಂಚಿಕೆಗಳಿಗೆ ಆಗುವಷ್ಟು ವಿಷಯ ಸಿಕ್ಕಿತು. ಒಂದನ್ನು ಆರಿಸಿಕೊಳ್ಳಿ. ಉಳಿದೆರಡನ್ನು ಬೇರೆ ಗೆಳೆಯರಿಗೆ ಬಿಟ್ಟುಕೊಡಿ.

ಕಿವಿ, ಕಾಗದ, ಮಾತು

ಬರೆದ ಪ್ರತಿಯ ಪ್ರತಿ ವಾಕ್ಯದ ಪಕ್ಕದಲ್ಲೂ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿ.

ಕಿವಿ: ಹಾಡನ್ನು ಕೇಳಿದ ಯಾರಾದರೂ ಪರೀಕ್ಷಿಸಬಹುದಾದ ಮಾತು. 'ಸಾಲುಗಳು ಅಲ್ಲಿ ಎಂದು ಮುಗಿಯುತ್ತವೆ' ಎಂಬುದು ಕಿವಿ.

ಕಾಗದ: ಅಚ್ಚಾದದ್ದರಿಂದ ಬಂದ ಮಾತು. ಸಂಕಲನದ ಮೊದಲ ಪುಟಗಳು, ಕ್ಯಾಸೆಟ್ ಡಬ್ಬಿಯೊಳಗಿನ ಚೀಟಿ, ತಟ್ಟೆಯ ಮೇಲಿನ ಲೇಬಲ್. ಹೆಸರು, ಇಸವಿ, ಊರು ಇವೆಲ್ಲ ಕಾಗದದಿಂದಲೇ ಬರಬೇಕು. ಒಂದೇ ಕಡೆ ನೋಡಿ ಬಿಡಬೇಡಿ, ಎರಡು ಕಡೆ ಹೋಲಿಸಿ.

ಮಾತು: ಹಿರಿಯರ ನೆನಪು. ನಿಮ್ಮ ಅಮ್ಮ, ದಾದಿ, ನಾನಾ, ಮಾಮ ಯಾರೇ ಇರಲಿ, ಕ್ಯಾಸೆಟ್ ಕಾಲದಲ್ಲಿ ಬೆಳೆದವರನ್ನು ಮಾತಾಡಿಸಿ. "ಹಾಡು ಇಷ್ಟವಾಗಿತ್ತಾ?" ಎಂದು ಕೇಳಿದರೆ "ಹೂಂ, ತುಂಬಾ" ಎಂಬಲ್ಲಿಗೆ ಮಾತು ಮುಗಿಯುತ್ತದೆ. "ಟೇಪ್‌ರೆಕಾರ್ಡರ್ ಮನೆಯ ಯಾವ ಜಾಗದಲ್ಲಿತ್ತು? ಬಟನ್ ಒತ್ತುವ ಅಧಿಕಾರ ಯಾರಿಗಿತ್ತು? ಟೇಪು ಸಿಕ್ಕಿಕೊಂಡರೆ ಏನು ಮಾಡುತ್ತಿದ್ದಿರಿ?" ಎಂದು ಕೇಳಿ. ಚಕ್ರದ ತೂತಿಗೆ ಪೆನ್ಸಿಲ್ ತೂರಿಸಿ ಟೇಪು ಸುತ್ತುತ್ತಿದ್ದ ಕಥೆ ತಾನಾಗಿ ಹೊರಬರುತ್ತದೆ. ಮನೆಯಲ್ಲಿ ಉರ್ದು, ಬ್ಯಾರಿ, ತುಳು ಯಾವ ಮಾತಿದ್ದರೂ ಅವರ ಮಾತಿನಲ್ಲೇ ಹೇಳಲು ಬಿಡಿ, ಕನ್ನಡದಲ್ಲಿ ನೀವು ಸಾರಾಂಶ ಕೊಡಿ. ಧ್ವನಿ ಬಳಸುವ ಮೊದಲು ಅವರ ಒಪ್ಪಿಗೆ ಕೇಳಿ. ನೆನಪು ಹಾಡು ಬದುಕಿಗೆ ಹೇಗೆ ಬಂತು ಎಂಬುದಕ್ಕೆ ಒಳ್ಳೆಯ ಸಾಕ್ಷಿ. ಇಸವಿಗೆ ಅದನ್ನೇ ನಂಬಬೇಡಿ.

ಮೂರರಲ್ಲಿ ಯಾವ ಗುರುತೂ ಬೀಳದ ವಾಕ್ಯವನ್ನು ಹೊಡೆದುಹಾಕಿ. 'ಜನಮನದಲ್ಲಿ ಅಮರವಾಗಿದೆ' ಎಂಬುದು ಇಲ್ಲೇ ಬಿದ್ದುಹೋಗುತ್ತದೆ. 'ಮೊದಲ' ಎಂಬ ಪದದ ಬಗ್ಗೆ ಎಚ್ಚರಿಕೆ ಇರಲಿ. 'ನಿತ್ಯೋತ್ಸವ' ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದರೆ ಕನ್ನಡ ಭಾವಗೀತೆಯ ಮೊದಲ ಮುದ್ರಣ ಎಂದಲ್ಲ. ಕ್ಯಾಸೆಟ್ಟಿಗಿಂತ ಮೊದಲು ಗ್ರಾಮೋಫೋನ್ ತಟ್ಟೆಗಳಿದ್ದವು, ಕಾಳಿಂಗರಾಯರು ಇದ್ದರು. ಯಾವುದರಲ್ಲಿ ಮೊದಲು ಎಂದು ಹೇಳದೆ 'ಮೊದಲ' ಎನ್ನಬೇಡಿ.

ಎಂಟು ನಿಮಿಷದ ಹಂಚಿಕೆ

ಮೊದಲ ಅರ್ಧ ನಿಮಿಷ: ಪ್ರಶ್ನೆ. ಸ್ವಾಗತ ಭಾಷಣ ಬೇಡ.
ಮುಂದಿನ ಒಂದು ನಿಮಿಷ: ಹಾಡು, ಕವಿ, ರಾಗ ಸಂಯೋಜಕರು, ಇಸವಿ.
ಆಮೇಲೆ ಮೂರು ನಿಮಿಷ: ಕಿವಿಯ ಕೆಲಸ. ಎಲ್ಲಿ ಗಮನಿಸಬೇಕು, ಏನು ಕೇಳುತ್ತದೆ.
ಆಮೇಲೆ ಎರಡು ನಿಮಿಷ: ಹಿರಿಯರ ನೆನಪು, ಅಥವಾ ಇನ್ನೊಂದು ಹಾಡಿನೊಡನೆ ಹೋಲಿಕೆ.
ಒಂದು ನಿಮಿಷ: ಪ್ರಶ್ನೆಗೆ ಉತ್ತರ.
ಕೊನೆಯ ಅರ್ಧ ನಿಮಿಷ: ಎಲ್ಲರ ಹೆಸರು ಮತ್ತೊಮ್ಮೆ.

ಆರಂಭ ಹೀಗಿರಬಹುದು:

"ಬೆಟ್ಟ ನೋಡಿದ ತಕ್ಷಣ ನಿಮಗೆ ಏನು ನೆನಪಾಗತ್ತೆ? ಹಸಿರು? ಮಂಜು? ನಮ್ಮ ನಾಡಿನ ಒಬ್ಬ ಕವಿಗೆ ಅದಿರು ನೆನಪಾಯ್ತು. ಹೌದು, ಗಣಿಯಿಂದ ತೆಗೀತಾರಲ್ಲ, ಅದೇ ಅದಿರು. ಆ ಪದ ಇರೋ ಹಾಡನ್ನ ನೀವು ಪ್ರತಿ ನವೆಂಬರ್‌ನಲ್ಲಿ ಕೇಳ್ತೀರಿ, ಬಹುಶಃ ಹಾಡಿಯೂ ಇದ್ದೀರಿ. ಆ ಪದ ಅಲ್ಲಿಗೆ ಹೇಗೆ ಬಂತು? ಇವತ್ತಿನ ಎಂಟು ನಿಮಿಷ ಅದಕ್ಕೇ."

ಇಲ್ಲಿ ಭಾಷೆ ಆಡುಮಾತಿಗೆ ಹತ್ತಿರವಿದೆ. 'ಧ್ವನಿಮುದ್ರಿಸಲ್ಪಟ್ಟಿತು' ಎಂಬುದು ಕಾಗದದ ಮೇಲೆ ನಡೆಯಬಹುದು, ಬಾಯಿಗೆ ಭಾರ. 'ರೆಕಾರ್ಡ್ ಮಾಡಿದರು' ಎನ್ನಿ. ಧಾರವಾಡದ ಕನ್ನಡವೋ ಮಂಗಳೂರಿನ ಕನ್ನಡವೋ, ನಿಮ್ಮ ಮನೆಯ ಕನ್ನಡಕ್ಕೆ ಸಂಕೋಚ ಬೇಡ. ಬರೆದದ್ದನ್ನು ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ ನೋಡಿ. ಉಸಿರು ಸಾಲದ ಕಡೆ ವಾಕ್ಯವನ್ನು ಎರಡು ಮಾಡಿ.

ಹಾಡನ್ನು ಎಷ್ಟು ಬಳಸಬಹುದು?

"ಮೂವತ್ತು ಸೆಕೆಂಡಿನವರೆಗೆ ಹಾಕಿದರೆ ತೊಂದರೆ ಇಲ್ಲ" ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ದೇಶದ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಇಂಥ ಸೆಕೆಂಡಿನ ಲೆಕ್ಕ ಇಲ್ಲ. ಕಾಯ್ದೆಯ 52ನೇ ಸೆಕ್ಷನ್ ವಿಮರ್ಶೆ, ಅಧ್ಯಯನದಂತಹ ಉದ್ದೇಶಗಳಿಗೆ ನ್ಯಾಯಯುತ ಬಳಕೆಗೆ ಅವಕಾಶ ಕೊಡುತ್ತದೆ. ವಿಮರ್ಶೆಗೆ ಬೇಕಾದಷ್ಟು ತುಣುಕು ಬೇರೆ, ಹಾಡನ್ನೇ ಕೇಳಿಸಿ ನಡುವೆ ಎರಡು ಮಾತಾಡುವುದು ಬೇರೆ.

ಒಂದು ಹಾಡಿನಲ್ಲಿ ಮೂರು ಹಕ್ಕುಗಳಿರುತ್ತವೆ ಎಂಬುದನ್ನು ತಿಳಿಯಿರಿ: ಪದ, ರಾಗ ಸಂಯೋಜನೆ, ಧ್ವನಿಮುದ್ರಣ. ಪದ ಮತ್ತು ರಾಗ ಸಂಯೋಜನೆಯ ಹಕ್ಕು ರಚಿಸಿದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. 'ನಿತ್ಯೋತ್ಸವ'ಕ್ಕೆ ಲೆಕ್ಕ ಹಾಕೋಣ. ಧ್ವನಿಸುರುಳಿ 1978ರದು, ಹಕ್ಕು 2038ರ ಕೊನೆಯವರೆಗೆ. ಅನಂತಸ್ವಾಮಿಯವರು ತೀರಿಕೊಂಡದ್ದು 1995ರಲ್ಲಿ, ರಾಗ ಸಂಯೋಜನೆಯ ಹಕ್ಕು 2055ರ ಕೊನೆಯವರೆಗೆ. ಕವಿ ತೀರಿಕೊಂಡದ್ದು 2020ರಲ್ಲಿ, ಪದಗಳ ಹಕ್ಕು 2080ರ ಕೊನೆಯವರೆಗೆ. ಅಂದರೆ ಹಳೆಯ ಕ್ಯಾಸೆಟ್ಟನ್ನು ಹಾಕದೆ ನೀವೇ ಹಾಡಿದರೂ ಪದದ ಮತ್ತು ರಾಗದ ಹಕ್ಕು ಉಳಿದೇ ಇರುತ್ತದೆ.

ಇನ್ನೊಂದು ಉದಾಹರಣೆ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ತತ್ವಪದಗಳ ಪದಗಳು ಎಲ್ಲರ ಸೊತ್ತು. ಆದರೆ ಅವಕ್ಕೆ ಸಿ. ಅಶ್ವತ್ಥ್ ಹಾಕಿದ ಮಟ್ಟು ಅಶ್ವತ್ಥ್ ಅವರದು. ಅವರು 2009ರಲ್ಲಿ ತೀರಿಕೊಂಡರು, ಹಾಗಾಗಿ 2069ರ ಕೊನೆಯವರೆಗೆ ಹಕ್ಕು ಇರುತ್ತದೆ.

ತರಗತಿಯೊಳಗೆ ಕೇಳುವುದಕ್ಕೂ ಜಗತ್ತಿಗೇ ಕಾಣುವಂತೆ ಅಪ್‌ಲೋಡ್ ಮಾಡುವುದಕ್ಕೂ ವ್ಯತ್ಯಾಸವಿದೆ. ಅಪ್‌ಲೋಡ್ ಮಾಡುವ ಸಂಚಿಕೆಯಲ್ಲಿ ಹಾಡಿನ ತುಣುಕೇ ಇಲ್ಲದಂತೆ ಮಾತಿನಲ್ಲೇ ವಿವರಿಸುವುದು ಸುರಕ್ಷಿತ ದಾರಿ. ಬರವಣಿಗೆಗೂ ಅದು ಒಳ್ಳೆಯ ಕಸರತ್ತು. ಸಂಗೀತ ಕೇಳುವ ವಿಷಯದಲ್ಲಿ ಮನೆಮನೆಯ ರೀತಿ ಬೇರೆಬೇರೆ ಎಂಬುದೂ ನಮಗೆ ಗೊತ್ತು. ಹಾಡು ಕೇಳಿಸದ ಸಂಚಿಕೆಯಲ್ಲಿ ಎಲ್ಲರೂ ಸೇರಬಹುದು: ಪದ ಹುಡುಕುವವರು, ಇಸವಿ ಪರಿಶೀಲಿಸುವವರು, ಹಿರಿಯರನ್ನು ಮಾತಾಡಿಸುವವರು, ಓದುವವರು.

ಧ್ವನಿಮುದ್ರಣ

ಸ್ಟುಡಿಯೋ ಬೇಕಿಲ್ಲ. ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಿ, ಫ್ಯಾನ್ ನಿಲ್ಲಿಸಿ. ಬರಿಗೋಡೆಯ ಕೋಣೆಯಲ್ಲಿ ದನಿ ಮಾರ್ದನಿಸುತ್ತದೆ. ಹಾಸಿಗೆ, ಪರದೆ, ಬಟ್ಟೆಯ ಕಪಾಟು ಇರುವ ಕೋಣೆ ಒಳ್ಳೆಯದು. ಮೊಬೈಲ್ ಬಾಯಿಂದ ಒಂದು ಗೇಣು ದೂರದಲ್ಲಿ, ನೇರ ಎದುರಿಗಲ್ಲದೆ ಸ್ವಲ್ಪ ಪಕ್ಕಕ್ಕೆ ಇರಲಿ. ಆಗ 'ಪ', 'ಬ', 'ಫ' ಹೇಳುವಾಗಿನ ಗಾಳಿ ಮೈಕಿಗೆ ಬಡಿಯುವುದಿಲ್ಲ. ಮೊದಲು ಹತ್ತು ಸೆಕೆಂಡ್ ಸುಮ್ಮನಿದ್ದು ಮುದ್ರಿಸಿ ಕೇಳಿ. ಇಷ್ಟು ಹೊತ್ತು ನಿಮಗೆ ಕೇಳದಿದ್ದ ಫ್ರಿಜ್ ಸದ್ದು, ಬೀದಿಯ ಸದ್ದು ಅದರಲ್ಲಿ ಇರುತ್ತದೆ.

ಮುಂದಿನ ಸಂಚಿಕೆಗಳಿಗೆ ವಿಷಯ

ಒಂದೇ ಕವಿತೆ, ಎರಡು ಮಟ್ಟು: ಕುವೆಂಪು ಅವರ ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಮಟ್ಟೂ ಇದೆ, ಸಿ. ಅಶ್ವತ್ಥ್ ಅವರ ಮಟ್ಟೂ ಇದೆ. 2022ರಲ್ಲಿ ರಾಜ್ಯ ಸರ್ಕಾರ ಅನಂತಸ್ವಾಮಿಯವರ ಮಟ್ಟನ್ನು ಅಧಿಕೃತಗೊಳಿಸಿ, ಎರಡು ನಿಮಿಷ ಮೂವತ್ತು ಸೆಕೆಂಡಿನಲ್ಲಿ ಹಾಡಬೇಕೆಂದು ಆದೇಶಿಸಿತು. ಅದನ್ನು ಪ್ರಶ್ನಿಸಿದ ಅರ್ಜಿ ಹೈಕೋರ್ಟಿನವರೆಗೂ ಹೋಯಿತು. ಎರಡು ಮಟ್ಟುಗಳಲ್ಲಿ ಪದಗಳ ಮೇಲಿನ ಒತ್ತು ಹೇಗೆ ಬೇರೆಯಾಗುತ್ತದೆ ಎಂದು ಹೋಲಿಸಿ.

ಬಾಯಿಂದ ಕ್ಯಾಸೆಟ್ಟಿಗೆ: ಹಳ್ಳಿಯ ಭಜನೆಯಲ್ಲಿ ಉಳಿದು ಬಂದ ಶರೀಫರ ಪದಗಳು ಅಶ್ವತ್ಥರ ದನಿಯಲ್ಲಿ ನಗರಕ್ಕೆ ಬಂದವು. 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶನದ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೂ ಅಶ್ವತ್ಥರದೇ ಸಂಗೀತ. ದಾರಿಯಲ್ಲಿ ಹಾಡಿನ ವೇಗ, ವಾದ್ಯ, ಉಚ್ಚಾರಣೆ ಏನೇನು ಬದಲಾಯಿತು?

ಜಾಜ್: ಮೈಲ್ಸ್ ಡೇವಿಸ್ ಅವರ 1959ರ 'ಕೈಂಡ್ ಆಫ್ ಬ್ಲೂ' ಎರಡೇ ದಿನಗಳ ಮುದ್ರಣದಲ್ಲಿ ಮುಗಿದ ಆಲ್ಬಂ. ಕಲಾವಿದರಿಗೆ ಪೂರ್ತಿ ಬರೆದ ಸ್ವರಪಾಠ ಸಿಗಲಿಲ್ಲ, ಸ್ವರಶ್ರೇಣಿಗಳ ಸೂಚನೆ ಮಾತ್ರ ಸಿಕ್ಕಿತು. ನಮ್ಮ ಮನೋಧರ್ಮ ಸಂಗೀತದೊಡನೆ ಹೋಲಿಸಲು ಒಳ್ಳೆಯ ವಿಷಯ.

ಅಭ್ಯಾಸ

1. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಹಾಡನ್ನು ಮೂರು ಸಲ ಕೇಳಿ, ಹಿಂದೆ ಗಮನಿಸದ ಮೂರು ಸಂಗತಿಗಳನ್ನು ಬರೆಯಿರಿ.
2. ಆ ಹಾಡಿನ ಕವಿ, ರಾಗ ಸಂಯೋಜಕರು, ಗಾಯಕರು, ಇಸವಿ ಈ ನಾಲ್ಕನ್ನೂ ಎರಡೆರಡು ಕಡೆ ನೋಡಿ ಖಚಿತಪಡಿಸಿಕೊಳ್ಳಿ.
3. ಅದರ ಮೂರು ಹಕ್ಕುಗಳು ಯಾವ ವರ್ಷದವರೆಗೆ ಇರುತ್ತವೆ ಎಂದು ಲೆಕ್ಕ ಹಾಕಿ.
4. 'ಅದ್ಭುತ', 'ಅಮೋಘ', 'ಅಮರ', 'ಸುಮಧುರ' ಈ ಪದಗಳನ್ನು ಬಳಸದೆ ಹಾಡಿನ ಬಗ್ಗೆ ಹತ್ತು ವಾಕ್ಯ ಬರೆಯಿರಿ.
5. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಹಳೆಯ ಕ್ಯಾಸೆಟ್ಟುಗಳಿದ್ದರೆ ಒಳಗಿನ ಚೀಟಿಯ ಎರಡೂ ಬದಿಯ ಫೋಟೋ ತೆಗೆದಿಡಿ.

ಐದನೆಯದನ್ನು ಬಿಡಬೇಡಿ. ಟೇಪು ಹಳೆಯದಾಗುತ್ತದೆ, ಬೂಷ್ಟು ಹಿಡಿಯುತ್ತದೆ, ಗುಜರಿಗೆ ಹೋಗುತ್ತದೆ. ಹಾಡು ಹೇಗೋ ಮೊಬೈಲಿಗೆ ಬಂದು ಉಳಿಯುತ್ತದೆ. ಚೀಟಿಯಲ್ಲಿದ್ದ ಹೆಸರುಗಳು ಉಳಿಯುವುದಿಲ್ಲ. ಇಂದಿನ ಆ್ಯಪ್‌ಗಳಲ್ಲಿ ಗಾಯಕರ ಹೆಸರು ದೊಡ್ಡದಾಗಿ ಕಾಣುತ್ತದೆ, ಪದ ಬರೆದ ಕವಿಯ ಹೆಸರನ್ನು ಎಷ್ಟೋ ಸಲ ಹುಡುಕಬೇಕಾಗುತ್ತದೆ. 'ನಿತ್ಯೋತ್ಸವ'ವನ್ನು ಬಾಯಿಪಾಠ ಹೇಳುವ ಹತ್ತು ಜನರನ್ನು ನಿಲ್ಲಿಸಿ, ಬರೆದವರು ಯಾರು, ರಾಗ ಹಾಕಿದವರು ಯಾರು ಎಂದು ಕೇಳಿ ನೋಡಿ.

ಭಾಷೆ ತಿಳಿಯದ ದೂರದ ಊರಿನಲ್ಲಿ ತಟ್ಟೆಯ ಗುರುತು ತಪ್ಪದಿರಲೆಂದು ಗೌಹರ್ ಜಾನ್ ಮೂರು ನಿಮಿಷದ ಕೊನೆಯಲ್ಲಿ ಎರಡು ಸೆಕೆಂಡನ್ನು ಹೆಸರಿಗೆ ಉಳಿಸಿಕೊಂಡಿದ್ದರು. ನಿಮ್ಮ ಎಂಟು ನಿಮಿಷದಲ್ಲಿ ಅರ್ಧ ನಿಮಿಷ ಅದಕ್ಕಾಗಿ ಇದೆ. ಕವಿ ಯಾರು, ರಾಗ ಯಾರದು, ದನಿ ಯಾರದು, ಯಾವ ವರ್ಷ ಎಂದು ಸ್ಪಷ್ಟವಾಗಿ ಹೇಳಿ. ಅದಾದ ಮೇಲೆ ನಿಮ್ಮ ಹೆಸರನ್ನೂ ಹೇಳಿ ಮುಗಿಸಿ.